ಮಾತು ನಿಲ್ಲಿಸಿದ ಗಣಕಯಂತ್ರ



ಮನೆಯ ಗಣಕಯಂತ್ರವೊಂದು ಕೆಟ್ಟರೆ ಕಣ್ಣುಳ್ಳವರಿಗೆ ಅದು ಒಂದೆರಡು ದಿನದ ಕಿರಿಕಿರಿ. ನಮ್ಮಂತಹ ದೃಷ್ಟಿಹೀನರ ಪಾಡು ಬೇರೆ. ನಾವು ಪರದೆಯನ್ನು ನೋಡುವವರಲ್ಲ, ಕೇಳುವವರು. ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವು ಮೂಕವಾದರೆ ಯಂತ್ರವು ಎದುರಿಗಿದ್ದೂ ಇಲ್ಲದಂತೆಯೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಆವೃತ್ತಿಯನ್ನು ಹಾಕಿಸಬೇಕೆಂದು ನಾವು ಆಲೋಚಿಸುತ್ತಿದ್ದಾಗಲೇ ಬನಶಂಕರಿಯ ನಮ್ಮ ಮನೆಯ ಯಂತ್ರವು ಒಂದು ಬೆಳಿಗ್ಗೆ ಮಾತು ನಿಲ್ಲಿಸಿತು.

ಹಿಂದೆ ಇಂತಹ ಸಂದರ್ಭಗಳಲ್ಲಿ ನಮಗಿದ್ದುದು ಒಂದೇ ದಾರಿ. ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ಜಯನಗರದ ಕಡೆಯ ಅಂಗಡಿಯೊಂದಕ್ಕೆ ಹೋಗುವುದು. ಗಿರಾಕಿಗಳ ನಡುವೆ ನಿಂತು ನಮ್ಮ ಗುಪ್ತಪದಗಳನ್ನು ಗಟ್ಟಿಯಾಗಿ ಹೇಳುವುದು. ಪಿಂಚಣಿಯ ಲೆಕ್ಕ, ಬ್ಯಾಂಕಿನ ವ್ಯವಹಾರ, ಮಗಳಿಗೆ ಬರೆದ ಪತ್ರ, ಎಲ್ಲವೂ ಅಪರಿಚಿತರ ಕಣ್ಣಿಗೆ ಬೀಳುವಂತಿರುತ್ತಿತ್ತು. ಒಮ್ಮೆ ‘ಎಲ್ಲ ಸರಿಯಾಗಿದೆ ಸಾರ್’ ಎಂದು ಹಿಂದಿರುಗಿಸಿದ ಯಂತ್ರವನ್ನು ಮನೆಗೆ ತಂದು ನೋಡಿದರೆ ಓದುವ ತಂತ್ರಾಂಶವೇ ಅದರಲ್ಲಿರಲಿಲ್ಲ. ಅಂಗಡಿಯವರ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ನಾವು ಅದರ ಮುಂದೆ ಒಂದು ವಾರ ಸುಮ್ಮನೆ ಕುಳಿತೆವು.

ಈ ಪರಾವಲಂಬನೆಗೆ ಕಾರಣವೂ ಇತ್ತು. ಓದಿ ಹೇಳುವ ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಯ ಮೇಲೆ ಕುಳಿತು ಕೆಲಸ ಮಾಡುವಂಥದು. ಆ ವ್ಯವಸ್ಥೆಯನ್ನೇ ಅಳಿಸಿ ಮರಳಿ ಸ್ಥಾಪಿಸುವಾಗ ಅದು ಕುಳಿತುಕೊಳ್ಳುವುದಾದರೂ ಎಲ್ಲಿ? ಆದುದರಿಂದ ಸ್ಥಾಪನೆಯ ಹೊತ್ತು ಬಹುಕಾಲ ನಮಗೆ ಮೌನದ ಹೊತ್ತಾಗಿತ್ತು. 2013ರಲ್ಲಿ ಹೊರಬಂದ ಡೆಬಿಯನ್ 7 ಎಂಬ ಮುಕ್ತ ವ್ಯವಸ್ಥೆಯನ್ನು ಯಂತ್ರದ ಧ್ವನಿಯ ನೆರವಿನಿಂದಲೇ ಸ್ಥಾಪಿಸಬಹುದಾಯಿತು. 2017ರಲ್ಲಿ ವಿಂಡೋಸ್ ಸ್ಥಾಪನೆಯ ಮೊದಲ ಹಂತಕ್ಕೂ ‘ನರೇಟರ್’ ಎಂಬ ಓದುಗ ಬಂದಿತು. ವಿಂಡೋಸ್, ಕಂಟ್ರೋಲ್, ಎಂಟರ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಅದು ಮಾತನಾಡತೊಡಗುತ್ತದೆ. ಇದನ್ನು ನಾವು ಬಹಳ ಹಿಂದೆಯೇ ಕೇಳಿದ್ದೆವು. ಮಾಡಿ ನೋಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಈ ಸಲ ಅಂಗಡಿಗೆ ಹೋಗಬಾರದೆಂದು ನಿಶ್ಚಯಿಸಿದೆವು. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಕುಳಿತು ಎಂಟು ಜಿಬಿಯ ಪೆನ್‌ಡ್ರೈವ್ ಒಂದರಲ್ಲಿ ವಿಂಡೋಸ್ 11ರ ಸ್ಥಾಪನಾ ಕಡತಗಳನ್ನು ನಾವೇ ಸಿದ್ಧಪಡಿಸಿದೆವು. ರಾತ್ರಿಯ ಊಟವಾದ ಮೇಲೆ ಕೆಲಸಕ್ಕೆ ಕುಳಿತೆವು. ಯಂತ್ರವು ಯಾವುದರಿಂದ ಆರಂಭವಾಗಬೇಕೆಂದು ಕೇಳುವ ಮೊಟ್ಟಮೊದಲ ಪರದೆಗೆ ಇಂದಿಗೂ ಮಾತಿಲ್ಲ. ಅದಕ್ಕೆ ಮಾತ್ರ ಮೊಮ್ಮಗನ ಕಣ್ಣನ್ನು ಎರವಲು ಪಡೆದೆವು. ‘ಓದಿ ಹೇಳು, ಕೈ ಹಾಕಬೇಡ’ ಎಂಬುದು ನಮ್ಮ ಕರಾರು. ಮನೆಯಲ್ಲಿ ಯಾರೂ ಇಲ್ಲದವರು 2015ರಿಂದ ಬಳಕೆಯಲ್ಲಿರುವ ‘ಬಿ ಮೈ ಐಸ್’ ಎಂಬ ಮೊಬೈಲ್ ಸೌಲಭ್ಯದಲ್ಲಿ ಸ್ವಯಂಸೇವಕರನ್ನು ಕರೆದು ಪರದೆಯನ್ನು ಓದಿಸಿಕೊಳ್ಳಬಹುದು.

ಪೆನ್‌ಡ್ರೈವ್ ಚಾಲನೆಗೊಂಡ ಮೇಲೆ ಎರಡು ನಿಮಿಷ ಕಾದು ಮೂರು ಕೀಲಿಗಳನ್ನು ಒತ್ತಿದೆವು. ಏನೂ ಕೇಳಲಿಲ್ಲ. ಮತ್ತೆ ಒತ್ತಿದೆವು. ಆಗ ಇಂಗ್ಲಿಷಿನಲ್ಲಿ ಧ್ವನಿಯೊಂದು ಭಾಷೆಯನ್ನು ಆರಿಸಿರೆಂದು ಹೇಳಿತು. ನಮ್ಮ ಮನೆಯವರು ಅಡುಗೆಮನೆಯಿಂದಲೇ ‘ಮಾತಾಡಿತೇ?’ ಎಂದು ಕೇಳಿದರು.

ನಿಜವಾದ ಪರೀಕ್ಷೆ ಮುಂದಿತ್ತು. ವಿಂಡೋಸನ್ನು ಯಾವ ಡಿಸ್ಕಿನಲ್ಲಿ ಸ್ಥಾಪಿಸಬೇಕೆಂದು ಯಂತ್ರವು ಕೇಳುತ್ತದೆ. ನಮ್ಮದರಲ್ಲಿ ಎರಡಿವೆ. 256 ಜಿಬಿಯ ಚಿಕ್ಕದರಲ್ಲಿ ವ್ಯವಸ್ಥೆ. ಒಂದು ಟಿಬಿಯ ದೊಡ್ಡದರಲ್ಲಿ ನಮ್ಮ ಬರಹಗಳು ಮತ್ತು ತೀರಿಹೋದ ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳ ಧ್ವನಿಮುದ್ರಣ. ಅದರ ಇನ್ನೊಂದು ಪ್ರತಿಯನ್ನು ನಾವು ಮಾಡಿಟ್ಟಿರಲಿಲ್ಲ. ಆ ತಪ್ಪು ನಮ್ಮದೇ. ಬೆರಳು ನಿಂತ ಸಾಲನ್ನು ನರೇಟರ್ ‘931.5 ಜಿಬಿ’ ಎಂದು ಓದಿತು. ಒಂದು ಟಿಬಿಯ ಡಿಸ್ಕನ್ನು ಯಂತ್ರವು ಹೀಗೆಯೇ ಲೆಕ್ಕ ಹಾಕುತ್ತದೆ. ಅಲ್ಲಿಯೇ ಅಳಿಸಿ ಮುಂದುವರಿದಿದ್ದರೆ ತಾಯಿಯವರ ಧ್ವನಿಯೇ ಅಳಿಸಿಹೋಗುತ್ತಿತ್ತು. ‘ತಾತ, ನಾನು ಮಾಡಲೇ?’ ಎಂದು ಮೊಮ್ಮಗ ಕೈ ಚಾಚಿದ. ಬೇಡವೆಂದೆವು. ಬಾಣದ ಕೀಲಿಯಿಂದ ಕೆಳಗಿಳಿಯುತ್ತ ಪ್ರತಿ ಸಾಲನ್ನೂ ಮೂರು ಬಾರಿ ಕೇಳಿದೆವು. ಚಿಕ್ಕ ಡಿಸ್ಕಿನ ಭಾಗಗಳನ್ನು ಒಂದೊಂದಾಗಿ ಅಳಿಸಿದಾಗ ಉಳಿದ ಖಾಲಿ ಜಾಗವನ್ನು ಯಂತ್ರವು ‘238.5 ಜಿಬಿ’ ಎಂದು ಓದಿತು. ಆಮೇಲೆಯೇ ಎಂಟರ್ ಒತ್ತಿದ್ದು.

ಯಂತ್ರವು ಮರುಚಾಲನೆಗೊಂಡಾಗ ಮತ್ತೆ ಮೌನ. ಮತ್ತೆ ಅದೇ ಮೂರು ಕೀಲಿ. ರಾತ್ರಿ ಹನ್ನೊಂದರ ಹೊತ್ತಿಗೆ ವಿಂಡೋಸ್ ಸಿದ್ಧವಾಯಿತು. ಬಳಿಕ ಎನ್‌ವಿಡಿಎ ಎಂಬ ನಮ್ಮ ನಿತ್ಯದ ಓದುಗನನ್ನು ಹಾಕಿಕೊಂಡೆವು. ಇದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಜೊತೆಗೂಡಿದವರು ಜೇಮ್ಸ್ ಟೆ. ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಗೆಳೆಯರಾದ ಇವರಿಬ್ಬರೂ ದೃಷ್ಟಿಹೀನರೇ. ಇಂತಹ ತಂತ್ರಾಂಶದ ಬೆಲೆ ಯಂತ್ರದ ಬೆಲೆಯನ್ನೇ ಮೀರುತ್ತಿದ್ದ ಕಾಲದಲ್ಲಿ ಅವರು ಇದನ್ನು ಉಚಿತವಾಗಿ ಹಂಚಿದರು. ಇದು ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಮಾತ್ರ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತವು ನಮ್ಮ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕೇಳುತ್ತದೆ. ಲಗ್ನಪತ್ರಿಕೆಯನ್ನೋ ಸಂಘದ ಸುತ್ತೋಲೆಯನ್ನೋ ಕಳುಹಿಸುವವರು ಇದನ್ನು ನೆನಪಿಡಬೇಕಾಗಿ ವಿನಂತಿ.

ಮನೆಗಳಲ್ಲಿ ಅನುಸರಿಸಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಮುಖ್ಯ ಕಡತಗಳ ಎರಡನೆಯ ಪ್ರತಿಯನ್ನು ಮೊದಲೇ ಮಾಡಿಡಿರಿ. ನಮ್ಮಂತೆ ಎದೆ ಬಡಿದುಕೊಳ್ಳಬೇಡಿರಿ. ಬೇಡವಾದ ಡಿಸ್ಕನ್ನು ಸ್ಥಾಪನೆಗೆ ಮುನ್ನ ಬಿಚ್ಚಿಟ್ಟರೆ ಇನ್ನೂ ಕ್ಷೇಮ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಬ್ರೈಲ್‌ನಲ್ಲಿ ಬರೆದಿಡಿರಿ. ಎನ್‌ವಿಡಿಎಯ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿ ಸದಾ ಇರಲಿ. ಕೆಲವು ಯಂತ್ರಗಳ ಸ್ಪೀಕರ್ ಸ್ಥಾಪನೆಯ ವೇಳೆ ಕೆಲಸ ಮಾಡದಿರಬಹುದಾದ್ದರಿಂದ ಯುಎಸ್‌ಬಿ ಹೆಡ್‌ಫೋನ್ ಒಂದನ್ನು ಬಳಿಯಲ್ಲಿಟ್ಟುಕೊಳ್ಳುವುದು ಲೇಸು. ಕಲಿಯಬಯಸುವವರಿಗೆ ನಮ್ಮ ಭಾಗದಲ್ಲಿ ಆಸರೆಗಳಿವೆ. ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಲ್ಲಿ ಸ್ಥಾಪನೆಯಾದುದು. ಸ್ವತಃ ದೃಷ್ಟಿಹೀನರಾದ ಮಧು ಸಿಂಘಲ್ ಅವರು 1990ರಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆಯು ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ.

ಆ ರಾತ್ರಿ ನಾವು ಮಾಡಿದ್ದು ದೊಡ್ಡ ಸಾಹಸವೇನೂ ಅಲ್ಲ. ಕಣ್ಣುಳ್ಳ ಹುಡುಗರು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ. ಆದರೆ ನಮ್ಮ ಗುಪ್ತಪದಗಳು ಈಗ ನಮಗೆ ಮಾತ್ರ ತಿಳಿದಿವೆ. ಮನೆಯಲ್ಲಿ ದೃಷ್ಟಿಯಿಲ್ಲದವರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ. ಅವರು ತಡವರಿಸಿದಾಗ ಪಕ್ಕದಲ್ಲಿ ಕುಳಿತಿರಿ, ಕೇಳಿದ್ದಕ್ಕೆ ಉತ್ತರಿಸಿರಿ. ಕೀಲಿಮಣೆಯನ್ನು ಮಾತ್ರ ಅವರ ಕೈಯಲ್ಲೇ ಬಿಡಿರಿ.