ಕ್ಯಾಮೆರಾ ಇದ್ದರೆ ಸಾಲದು, ಕಳ್ಳನಿಗೆ ತಡವಾಗಬೇಕು

2024ರ ಅಕ್ಟೋಬರ್ ಕೊನೆಯ ವಾರಾಂತ್ಯ. ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕಿಟಕಿಯ ಸರಳು ಕತ್ತರಿಸಿ ನುಗ್ಗಿದ ಕಳ್ಳರು ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊರೆದು 17 ಕೆ.ಜಿ.ಗೂ ಹೆಚ್ಚು ಚಿನ್ನ ದೋಚಿದರು. ಹೋಗುವಾಗ ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್ ಕಿತ್ತುಕೊಂಡು, ಖಾರದ ಪುಡಿ ಚೆಲ್ಲಿ ಹೋದರು. ಊರಿಗೆ ಸುದ್ದಿ ತಿಳಿದದ್ದು ಸೋಮವಾರ.

ಪೊಲೀಸರು ಪ್ರಕರಣ ಭೇದಿಸಿ, ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಿಂದ ಚಿನ್ನ ಮೇಲೆತ್ತಿದರು. ಆದರೆ ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಕಳವನ್ನು ಮೊದಲೇ ತಡೆಯೋಣವೆಂದರೆ, ಗಣೇಶ ವಿಸರ್ಜನೆ, ಜಾತ್ರೆ, ಚುನಾವಣೆ, ಗಣ್ಯರ ಭೇಟಿ ಎಂದು ಪೊಲೀಸ್ ಸಿಬ್ಬಂದಿ ಬಂದೋಬಸ್ತಿಗೆ ಹೊರಟರೆ ಸಣ್ಣ ಠಾಣೆಯಲ್ಲಿ ರಾತ್ರಿ ಬೀಟಿಗೆ ಉಳಿಯುವವರು ಬೆರಳೆಣಿಕೆಯಷ್ಟು ಮಂದಿ. ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ಅದನ್ನು ವರ್ತಕರ ತಲೆಗೆ ಕಟ್ಟುವಂತಿಲ್ಲ. ಹಾಗೆಂದು ಅಂಗಡಿಯವರು ಸುಮ್ಮನೆ ಕಾದು ಕೂರುವಂತೆಯೂ ಇಲ್ಲ.

ಜನ ಹೆಚ್ಚು ಸೇರುವ ಮಳಿಗೆಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಆ ಡಿವಿಆರ್ ಇರುವುದು ಗಲ್ಲಾಪೆಟ್ಟಿಗೆಯ ಕೆಳಗೇ! ಕಳ್ಳನ ಕೈಗೆ ಮೊದಲು ಸಿಗುವುದೂ ಅದೇ. ದೃಶ್ಯದ ಇನ್ನೊಂದು ಪ್ರತಿ ಅಂತರ್ಜಾಲದ ಮೂಲಕ ಬೇರೆಡೆ ಉಳಿಯಬೇಕು. ಸೈರನ್ ಖಾಲಿ ಬೀದಿಯಲ್ಲಿ ಕೂಗಿದರೆ ಪ್ರಯೋಜನವಿಲ್ಲ. ಮಾಲೀಕರ ಫೋನಿಗೂ ಹತ್ತಿರದಲ್ಲೇ ಮಲಗುವ ಇನ್ನೊಬ್ಬರ ಫೋನಿಗೂ ಕರೆ ಹೋಗಬೇಕು. ಮುಂದಿನ ಶಟರಿಗೆ ನಾಲ್ಕು ಬೀಗ ಜಡಿದವರು ಹಿತ್ತಲ ಓಣಿಯನ್ನೂ, ಶೌಚಾಲಯದ ಕಿಟಕಿಯನ್ನೂ, ಚಾವಣಿಯ ಶೀಟನ್ನೂ ಒಮ್ಮೆ ಕಳ್ಳನ ಕಣ್ಣಿನಿಂದ ನೋಡಲಿ. ಗಟ್ಟಿ ಸರಳು ಕಳ್ಳನನ್ನು ಅರ್ಧ ಗಂಟೆ ತಡೆದರೆ ಠಾಣೆಯ ಜೀಪಿಗೆ ಆ ಅರ್ಧ ಗಂಟೆ ಸಿಕ್ಕಂತೆ.

ಎಲ್ಲ ಅಪಾಯವೂ ಹೊರಗಿನಿಂದಲೇ ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಚಿನ್ನ ಕಳುವಾದಾಗ ಪೊಲೀಸರು ಮೊದಲು ಬಂಧಿಸಿದವರಲ್ಲಿ ಅಲ್ಲಿಂದ ವರ್ಗವಾಗಿದ್ದ ಮ್ಯಾನೇಜರ್ ಒಬ್ಬರಿದ್ದರು. ನಕಲಿ ಕೀ ಬಳಸಲಾಗಿದೆ ಎಂಬುದು ಆರೋಪ. ಅಂಗಡಿಯ ಕೀ ಹಿಡಿದವರು ಕೆಲಸ ಬಿಟ್ಟ ದಿನವೇ ಬೀಗ ಬದಲಿಸಲು ದೊಡ್ಡ ಖರ್ಚೇನೂ ಬೇಡ.

ಇನ್ನು ವಾಚ್‌ಮನ್. ಖಾಸಗಿ ಭದ್ರತಾ ಏಜೆನ್ಸಿಯ ಕಾವಲುಗಾರರಿಗೆ ತರಬೇತಿ ಕಡ್ಡಾಯವೆಂದು 2005ರ ಕೇಂದ್ರ ಕಾಯ್ದೆ ಹೇಳುತ್ತದೆ. ಆದರೂ ಎಷ್ಟೋ ಅಂಗಡಿಗಳ ಮುಂದೆ ಕೂತಿರುವುದು ಹಗಲು ಬೇರೆಡೆ ದುಡಿದು ದಣಿದ ವೃದ್ಧರು. ದಣಿದವರನ್ನು ಹೀಗೆ ಕಾವಲಿಗೆ ಕೂರಿಸುವುದು ಅನ್ಯಾಯ. ಒಂದು ಬೀದಿಯ ಹತ್ತು ಅಂಗಡಿಯವರು ಸೇರಿ ತರಬೇತಿ ಪಡೆದ ಇಬ್ಬರನ್ನು ನ್ಯಾಯವಾದ ಸಂಬಳಕ್ಕೆ ನೇಮಿಸಿ, ಬೀಟ್ ಕಾನ್‌ಸ್ಟೆಬಲ್ ನಂಬರನ್ನು ಅವರ ಕೈಗೆ ಕೊಡಬಹುದು. ವರ್ತಕರ ಸಂಘಗಳು ಮುಂದಿನ ಸಭೆಯಲ್ಲೇ ಇದನ್ನು ಎತ್ತಿಕೊಳ್ಳಲಿ.