ಕಾರ್ಡಿನಲ್ಲಿ ಧರ್ಮಕ್ಕೇನು ಕೆಲಸ?

ಗುರುತಿನ ಚೀಟಿಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ ಇರುವ ಹಾಗೆ ಧರ್ಮವೂ ಇದ್ದರೆ ಏನು ತಪ್ಪು ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಕೆಟ್ಟವರೇನಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು, ಜ್ವರ ಬಂದರೆ ಗಂಜಿ ಮಾಡಿ ಕೊಡುವವರು. "ನಮ್ಮ ಧರ್ಮ ಹೇಳಿಕೊಳ್ಳೋಕೆ ನಾಚಿಕೆ ಯಾಕ್ರೀ?" ಎನ್ನುತ್ತಾರೆ. ನಾಚಿಕೆಯ ಮಾತಲ್ಲ ಇದು. ನಾನು ಹಣೆಗೆ ಕುಂಕುಮ ಇಡುತ್ತೇನೆ, ಸಂಜೆ ದೀಪ ಹಚ್ಚುತ್ತೇನೆ. ಬೀದಿಗೆಲ್ಲ ಕಾಣಲಿ. ಆದರೆ ಆ ಕುಂಕುಮ ನಾನಾಗಿ ಇಟ್ಟುಕೊಂಡದ್ದು. ಸರ್ಕಾರವೇ ಅಚ್ಚು ಹಾಕಿ ಕೈಗೆ ಕೊಟ್ಟು, ಕೇಳಿದವರಿಗೆಲ್ಲ ತೋರಿಸು ಎನ್ನುವುದು ಬೇರೆಯೇ ಮಾತು.

ನಮ್ಮ ಮತದಾರರ ಚೀಟಿಯಲ್ಲಿ ಧರ್ಮವಿಲ್ಲ, ಆಧಾರ್‌ನಲ್ಲೂ ಇಲ್ಲ. ಧರ್ಮ, ಜಾತಿ, ಬುಡಕಟ್ಟು, ಭಾಷೆ, ಆದಾಯ, ಕಾಯಿಲೆಯ ಚರಿತ್ರೆ ಇವ್ಯಾವುವೂ ಆಧಾರ್ ವಿವರಗಳಲ್ಲಿ ಸೇರಕೂಡದೆಂದು 2016ರ ಕಾಯ್ದೆ ಬಿಡಿಸಿ ಹೇಳಿದೆ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದು ಹಾಗೆಯೇ ಉಳಿಯಬೇಕು.

ಈ ಕಾರ್ಡನ್ನು ನಾವು ಯಾರಿಗೆಲ್ಲ ತೋರಿಸುತ್ತೇವೆ, ಎಣಿಸಿ ನೋಡಿ. ಬ್ಯಾಂಕು, ಗ್ಯಾಸ್ ಏಜೆನ್ಸಿ, ಸಿಮ್ ಮಾರುವ ಹುಡುಗ, ಲಾಡ್ಜಿನ ಮ್ಯಾನೇಜರು, ಬಾಡಿಗೆ ಮನೆಯ ಯಜಮಾನರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರು ಬಸ್ಸು ಹತ್ತಿದಾಗಲೆಲ್ಲ ಕಂಡಕ್ಟರ್ ಮುಂದೆ ಹಿಡಿಯುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಬಿದ್ದಿರುವ ಪ್ರತಿಗಳ ಲೆಕ್ಕ ಇಟ್ಟವರಾರು? ಇವರಲ್ಲಿ ಯಾರಿಗೆ ನನ್ನ ದೇವರ ವಿಷಯ ಬೇಕು?

"ಹೆಸರು ನೋಡಿದರೇ ಗೊತ್ತಾಗುತ್ತಲ್ಲ" ಎನ್ನಬಹುದು. ಹೆಸರಿನಿಂದ ಹುಟ್ಟುವುದು ಊಹೆ. ಕಾಲಂನಲ್ಲಿರುವುದು ಸರ್ಕಾರದ ಮೊಹರು. ಮೊಹರು ಏನು ಮಾಡಬಲ್ಲದು ಎಂಬುದಕ್ಕೆ ರುವಾಂಡಾ ದೇಶವನ್ನು ನೋಡಬೇಕು. ಅಲ್ಲಿದ್ದದ್ದು ಧರ್ಮದ ಕಾಲಂ ಅಲ್ಲ, ಹುಟು ಅಥವಾ ಟುಟ್ಸಿ ಎಂಬ ಕುಲದ ಕಾಲಂ. ಬೆಲ್ಜಿಯಂನವರು 1930ರ ದಶಕದಲ್ಲಿ ಬರೆಸಿದ್ದು, ಸ್ವಾತಂತ್ರ್ಯದ ನಂತರವೂ ಯಾರೂ ತೆಗೆಯಲಿಲ್ಲ. 1994ರಲ್ಲಿ ರಸ್ತೆಗೆ ಅಡ್ಡಗಟ್ಟಿ ನಿಂತವರು ಕೇಳಿದ್ದು ಆ ಚೀಟಿಯನ್ನೇ. ಟುಟ್ಸಿ ಎಂದಿದ್ದರೆ ಸಾವು. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನ ಹೋದರು. ಕೊಂದದ್ದು ಕಾಗದವಲ್ಲ, ನಿಜ. ಕೊಲ್ಲುವವರ ಕೆಲಸವನ್ನು ಅದು ಸುಲಭ ಮಾಡಿಕೊಟ್ಟಿತು.

ಅಷ್ಟು ಘೋರ ನಮ್ಮಲ್ಲಿ ಆಗದು ಎನ್ನುವಿರಾ? ಹಾಗಾದರೆ ಈಜಿಪ್ಟಿನ ಕತೆ ಕೇಳಿ. ಅಲ್ಲಿ ಚೀಟಿಯಲ್ಲಿ ಧರ್ಮ ಬರೆಸಬೇಕು. ಸರ್ಕಾರ ಒಪ್ಪುವುದು ಇಸ್ಲಾಂ, ಕ್ರೈಸ್ತ, ಯಹೂದಿ ಈ ಮೂರನ್ನೇ. ಬಹಾಯಿ ಧರ್ಮದವರು ಎಲ್ಲಿಗೆ ಹೋಗಬೇಕು? ಕೈಯಲ್ಲಿ ಬರೆಯುವ ಕಾಲದಲ್ಲಿ ಯಾರೋ ಪುಣ್ಯಾತ್ಮ ಗುಮಾಸ್ತ ಅಡ್ಡಗೆರೆ ಎಳೆದು ಬಿಡುವುದಿತ್ತು. ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಗೊತ್ತಿದ್ದದ್ದು ಮೂರೇ ಧರ್ಮ. ಸುಳ್ಳು ಬರೆಸಲೊಲ್ಲದ ತಾಯಂದಿರಿಗೆ ಮಕ್ಕಳ ಜನನ ಪತ್ರವೂ ಸಿಗದಾಯಿತು, ಅದಿಲ್ಲದೆ ಶಾಲೆಗೆ ಸೇರಿಸುವುದೂ ಕಷ್ಟವಾಯಿತು. 2006ರಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯ ಅವರ ವಿರುದ್ಧವೇ ತೀರ್ಪಿತ್ತಿತು. 2008ರಲ್ಲಿ ಬೇರೆ ಮೊಕದ್ದಮೆಗಳಲ್ಲಿ ಗೆಲುವಾಗಿ, 2009ರಲ್ಲಿ ಅದು ಊರ್ಜಿತವಾಯಿತು. ಸಿಕ್ಕಿದ್ದೇನು? ಒಂದು ಅಡ್ಡಗೆರೆ! ಆ ಗೆರೆಯನ್ನು ನೋಡಿದವರಿಗೂ ಇವರು ಯಾರೆಂದು ಗೊತ್ತಾಗುತ್ತದೆ. ಖಾಲಿ ಬಿಟ್ಟರೂ ಗುರುತೇ. ಅದಕ್ಕೇ ಕಾಲಂ ಇರಕೂಡದು ಎನ್ನುವುದು.

ಇನ್ನು ಆ ಕಾಲಂ ತುಂಬುವವರು ಯಾರು? ಹುಡುಗಿಯಾಗಿದ್ದಾಗ ಅಪ್ಪ, ಆಮೇಲೆ ಗಂಡ. ಮೊಹರಂನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸುವ ಗೌಡರ ಮನೆಯ ಸೊಸೆಗೆ, ಶಿವಾಜಿನಗರದ ಮೇರಿ ಮಾತೆಗೆ ಹರಕೆ ಹೊತ್ತು ಮಗುವನ್ನು ಎತ್ತಿಕೊಂಡು ಹೋಗುವ ತಾಯಿಗೆ ಅರ್ಧ ಅಂಗುಲದ ಜಾಗದಲ್ಲಿ ಏನು ಬರೆಯುತ್ತೀರಿ? ಹೆಂಗಸರ ಭಕ್ತಿ ಯಾವತ್ತೂ ಬೇಲಿ ಹಾರಿಯೇ ಬೆಳೆದದ್ದು.

ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ ಬೇಡವೇ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ತಹಸೀಲ್ದಾರರು ಕೊಡುವ ಪ್ರಮಾಣಪತ್ರ ಬೇರೆಯೇ ಇದೆ. ಬೇಕಾದ ಕಡೆ ಕೊಟ್ಟು ಉಳಿದಂತೆ ಬೀರುವಿನಲ್ಲಿಡಬಹುದು. ದಾರಿಯಲ್ಲಿ ಸತ್ತರೆ ಸುಡುವುದೋ ಹೂಳುವುದೋ ಹೇಗೆ ತಿಳಿಯಬೇಕು ಎನ್ನುತ್ತಾರೆ ಕೆಲವರು. ವಿಳಾಸವಿದೆಯಲ್ಲ, ಮನೆಯವರನ್ನು ಕೇಳಲಿ.

ಧರ್ಮವೇ ಸಡಿಲವಾಗುತ್ತದೆ ಎಂಬ ಭಯವೂ ಇದೆ. ಗ್ರೀಸ್ ದೇಶದಲ್ಲಿ 2000ದಲ್ಲಿ ಸರ್ಕಾರ ಈ ಕಾಲಂ ತೆಗೆದಾಗ ಚರ್ಚು ಬೀದಿಗಿಳಿಯಿತು, 30 ಲಕ್ಷ ಸಹಿ ಸಂಗ್ರಹಿಸಿತು. ಸರ್ಕಾರ ಬಗ್ಗಲಿಲ್ಲ. ಅಲ್ಲಿಯ ಚರ್ಚಿನ ಗಂಟೆಗಳೇನೂ ನಿಂತು ಹೋಗಿಲ್ಲ. ಕಾರ್ಡಿನಿಂದ ಅಳಿಸಿದರೆ ಅಳಿಯುವಂಥದು ಧರ್ಮವೇ ಅಲ್ಲ.

ನಮ್ಮ 1948ರ ಜನಗಣತಿ ಕಾಯ್ದೆಯಲ್ಲಿ ಒಂದು ಚಂದದ ಮಾತಿದೆ. ಗಂಡನ ಹೆಸರು ಹೇಳಲೇಬೇಕೆಂದು ಯಾವ ಹೆಂಗಸನ್ನೂ ಬಲವಂತ ಮಾಡುವಂತಿಲ್ಲ. ಗಣತಿಯವರು ಧರ್ಮವನ್ನು ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಒಬ್ಬೊಬ್ಬರ ಉತ್ತರವನ್ನು ಗುಟ್ಟಾಗಿಡುತ್ತಾರೆ. ತಲೆ ಎಣಿಸುವುದಕ್ಕೆ ತಲೆಗೊಂದು ಚೀಟಿ ಅಂಟಿಸಬೇಕಾಗಿಲ್ಲ ಎಂದು ಆಗಿನವರಿಗೆ ತಿಳಿದಿತ್ತು. ನಾಳೆ ಯಾರಾದರೂ ಆ ಕಾಲಂ ತರಲು ಹೊರಟರೆ ಮೊದಲು ಬೇಡವೆನ್ನಬೇಕಾದವರು, ಆ ಕಾಲಂನಿಂದ ತಮಗೇನೂ ತೊಂದರೆಯಿಲ್ಲ ಎಂದುಕೊಂಡಿರುವ ನನ್ನಂಥವರೇ.