ಪ್ಯಾಸೇಜ್ ಓದಲೇಬೇಕು: ಆಕ್ಷೇಪಗಳಿಗೆ ಒಂದು ಉತ್ತರ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳುವವರಿಗೆ ರೀಡಿಂಗ್ ವಿಭಾಗದಲ್ಲಿ 7 ಬ್ಯಾಂಡ್ ಬೇಕು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2018ರ ಕೊನೆಯಲ್ಲಿ ರೈಟಿಂಗ್‌ನ ಮಟ್ಟವನ್ನು 6.5ಕ್ಕೆ ಇಳಿಸಿತು, ರೀಡಿಂಗ್‌ನದು ಇಳಿಯಲಿಲ್ಲ. ಅಕಾಡೆಮಿಕ್ ಪತ್ರಿಕೆಯ 40 ಪ್ರಶ್ನೆಗಳಲ್ಲಿ ಸುಮಾರು 23 ಸರಿಯಾದರೆ 6 ಬ್ಯಾಂಡ್, 30 ಸರಿಯಾದರೆ 7. ನಡುವೆ ಇರುವುದು ಏಳೇ ಪ್ರಶ್ನೆ. ಈ ಏಳು ಪ್ರಶ್ನೆ ದಾಟಲಾಗದೆ ನಮ್ಮ ಕಡೆಯ ಎಷ್ಟೋ ನರ್ಸುಗಳು ನೈಟ್ ಡ್ಯೂಟಿ ಮುಗಿಸಿ ಬಂದು ಮತ್ತೆ ಮತ್ತೆ ಅದೇ ಪತ್ರಿಕೆಯ ಮುಂದೆ ಕೂರುತ್ತಾರೆ, ಪ್ರತಿ ಸಲವೂ 15 ಸಾವಿರ ರೂಪಾಯಿಗಿಂತ ಹೆಚ್ಚು ಶುಲ್ಕ ಕಟ್ಟುತ್ತಾರೆ.

ಅಂಥವರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಮೊದಲು ಓದುವುದನ್ನು ಕಲಿಸಿ, ಆಮೇಲೆ ಪರೀಕ್ಷೆ ಮಾಡಿಸಿ ಎಂದು ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. ಇದು ಕಾಲಹರಣ ಎನ್ನುವವರು ಕೋಚಿಂಗ್ ಕೊಡುವವರಲ್ಲೂ ಇದ್ದಾರೆ, ಪೋಷಕರಲ್ಲೂ ಇದ್ದಾರೆ, ನನ್ನದೇ ತರಗತಿಯ ಹುಡುಗ ಹುಡುಗಿಯರಲ್ಲೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲ ಆಕ್ಷೇಪ ಸಮಯದ್ದು. "ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಪೂರ್ತಿ ಓದುತ್ತಾ ಕುಳಿತರೆ ಮುಗಿಯಿತು." ಲೆಕ್ಕ ಹಾಕಿಯೇ ನೋಡೋಣ. ಮೂರೂ ಪ್ಯಾಸೇಜ್ ಸೇರಿ ಹೆಚ್ಚೆಂದರೆ 2750 ಪದ. ಇಂಗ್ಲಿಷನ್ನು ರೂಢಿಯಾಗಿ ಓದುವ ವಯಸ್ಕರು ಕಥೆಯಲ್ಲದ ಬರಹವನ್ನು ನಿಮಿಷಕ್ಕೆ ಸರಾಸರಿ 238 ಪದದಂತೆ ಓದುತ್ತಾರೆಂದು ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ತೋರಿಸಿದರು. ನಮ್ಮ ಹುಡುಗಿ ಅದರ ಅರ್ಧ ವೇಗದಲ್ಲಿ, ನಿಮಿಷಕ್ಕೆ 120 ಪದ ಓದುತ್ತಾಳೆ ಎಂದುಕೊಳ್ಳಿ. ಮೂರೂ ಪ್ಯಾಸೇಜನ್ನು ಮೊದಲಿಂದ ಕೊನೆಯವರೆಗೆ ಓದಲು ಅವಳಿಗೆ ಬೇಕಾಗುವುದು 23 ನಿಮಿಷ. ಪ್ರಶ್ನೆಗಳಿಗೆಂದು ಇನ್ನೂ 37 ನಿಮಿಷ ಉಳಿಯುತ್ತದೆ. ಹಾಗಿದ್ದರೂ ಹೊತ್ತು ಸಾಲದೆ ಹೋಗುವುದೇಕೆ? ಓದದ ಪ್ಯಾಸೇಜಿನಲ್ಲಿ ಪ್ರತಿ ಪ್ರಶ್ನೆಗೂ ಮೊದಲ ಸಾಲಿನಿಂದ ಹುಡುಕಾಟ ಶುರುವಾಗುತ್ತದೆ. ಹದಿಮೂರು ಪ್ರಶ್ನೆಗೆ ಹದಿಮೂರು ಸಲ ಅದೇ ಪುಟದ ಮೇಲೆ ಕಣ್ಣಾಡಿಸುವುದಕ್ಕೆ ಹೋಗುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಸಲಹೆಯಿದೆ: ಒಮ್ಮೆ ಓದಿದ ಸಾಲಿಗೆ ಮರಳಿ ಹೋಗಬೇಡ, ಕಣ್ಣು ಮುಂದಕ್ಕೇ ಓಡುತ್ತಿರಲಿ. ಈ ಸಲಹೆ ತಪ್ಪು. ಹಿಂದಿನ ಪದಗಳಿಗೆ ಮರಳುವ ಅವಕಾಶವನ್ನು ತಡೆದರೆ ಓದುಗರ ಗ್ರಹಿಕೆ ಕುಗ್ಗುತ್ತದೆಂದು ಕೀತ್ ರೇನರ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಕಣ್ಣಿನ ಚಲನೆಯನ್ನು ಅಳೆದೇ ತೋರಿಸಿದ್ದಾರೆ. ಅರ್ಥವಾಗದ ಸಾಲಿಗೆ ಮರಳುವುದು ಒಳ್ಳೆಯ ಓದುಗನ ಲಕ್ಷಣ.

ಎರಡನೆಯ ಆಕ್ಷೇಪಕ್ಕೇ ಬೆಂಬಲ ಹೆಚ್ಚು. "ಓದುವ ಅಗತ್ಯವೇ ಇಲ್ಲ. ಪ್ರಶ್ನೆಯ ಕೀವರ್ಡ್‌ಗೆ ಗೆರೆ ಎಳೆ, ಪ್ಯಾಸೇಜಿನಲ್ಲಿ ಅದನ್ನು ಹುಡುಕು, ಪಕ್ಕದಲ್ಲಿರುವುದೇ ಉತ್ತರ." ಈ ಉಪಾಯದಿಂದ ಕೆಲವು ಅಂಕ ಬರುತ್ತದೆ, ಒಪ್ಪುತ್ತೇನೆ. ಇಸವಿ, ಊರಿನ ಹೆಸರು, ವ್ಯಕ್ತಿಯ ಹೆಸರು ಕೇಳಿದಾಗ ಸ್ಕ್ಯಾನಿಂಗ್ ಬೇಕೇ ಬೇಕು. ಅದನ್ನು ನಾನೂ ಕಲಿಸುತ್ತೇನೆ. ಆದರೆ ಪ್ಯಾಸೇಜಿನ ಪದವನ್ನೇ ಪ್ರಶ್ನೆಯಲ್ಲಿ ಇಡದೆ, ಅದೇ ವಿಷಯವನ್ನು ಬೇರೆ ಮಾತಿನಲ್ಲಿ ಹೇಳುವುದು ಈ ಪತ್ರಿಕೆ ತಯಾರಿಸುವವರ ಪದ್ಧತಿ. ಅದೇ ಪದ ಕಂಡಲ್ಲಿ ಹಲವು ಸಲ ತಪ್ಪು ಉತ್ತರವೇ ಕಾದಿರುತ್ತದೆ. 6 ಬ್ಯಾಂಡಿನವರನ್ನು 7ರವರಿಂದ ಬೇರ್ಪಡಿಸುವ ಪ್ರಶ್ನೆಗಳು ಇಂಥವೇ.

ತರಗತಿಗೆಂದು ನಾನು ಬರೆದುಕೊಂಡ ಒಂದು ಉದಾಹರಣೆಯನ್ನು ಕನ್ನಡದಲ್ಲೇ ಕೊಡುತ್ತೇನೆ. ಪ್ಯಾಸೇಜಿನಲ್ಲಿ ಹೀಗಿದೆ ಎಂದುಕೊಳ್ಳಿ: "ಆ ಪ್ರದೇಶದ ಬೆಳೆಗಾರರು ಮೊದಲಿಗೆ ಅರೇಬಿಕಾ ಕಾಫಿಯನ್ನಷ್ಟೇ ಬೆಳೆಯುತ್ತಿದ್ದರು. ಎಲೆತುಕ್ಕು ರೋಗ ಹರಡಿದ ಮೇಲೆ ಕೆಲವರು ರೋಬಸ್ಟಾಕ್ಕೆ ಹೊರಳಿದರು, ಉಳಿದವರು ಅರೇಬಿಕಾದಲ್ಲೇ ಮುಂದುವರಿದರು." ಈಗ ಟ್ರೂ, ಫಾಲ್ಸ್, ನಾಟ್ ಗಿವನ್ ಎಂದು ಗುರುತಿಸಬೇಕಾದ ಎರಡು ಹೇಳಿಕೆ. ಒಂದು, "ರೋಗ ಬಂದ ಮೇಲೆ ಅಲ್ಲಿ ಯಾರೂ ಅರೇಬಿಕಾ ಬೆಳೆಯಲಿಲ್ಲ." ಇದು ಫಾಲ್ಸ್, ಪ್ಯಾಸೇಜೇ ಇದನ್ನು ಅಲ್ಲಗಳೆಯುತ್ತದೆ. ಎರಡು, "ರೋಬಸ್ಟಾಕ್ಕೆ ಹೊರಳಿದವರಿಗೆ ಹೆಚ್ಚು ಲಾಭವಾಯಿತು." ಇದು ನಾಟ್ ಗಿವನ್; ಲಾಭದ ಮಾತನ್ನೇ ಪ್ಯಾಸೇಜ್ ಎತ್ತಿಲ್ಲ. ಕೀವರ್ಡ್ ಹುಡುಕುವವರು 'ರೋಬಸ್ಟಾ', 'ಹೊರಳಿದರು' ಎಂಬುದನ್ನು ಕಂಡೊಡನೆ ಟ್ರೂ ಎಂದು ಬರೆಯುತ್ತಾರೆ. ಕೊಡಗು, ಸಕಲೇಶಪುರದ ಕಡೆಯಿಂದ ಬಂದವರಾದರೆ ಮನೆಯ ತೋಟದ ಅನುಭವವನ್ನೇ ನಂಬಿ ಟ್ರೂ ಅಥವಾ ಫಾಲ್ಸ್ ಎಂದು ಖಚಿತವಾಗಿ ಬರೆಯುತ್ತಾರೆ. ಪ್ಯಾಸೇಜ್ ಏನು ಹೇಳಿತು, ಏನು ಹೇಳಲಿಲ್ಲ, ಎಲ್ಲಿಗೆ ನಿಲ್ಲಿಸಿತು ಎಂಬುದು ಆ ಎರಡು ವಾಕ್ಯಗಳನ್ನು ಪೂರ್ತಿ ಓದಿದವರಿಗಷ್ಟೇ ಗೊತ್ತು. ಇದನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ನನಗೆ ಯಾರೂ ಈವರೆಗೆ ತೋರಿಸಿಕೊಟ್ಟಿಲ್ಲ.

ಪ್ರತಿ ಪ್ಯಾರಾಕ್ಕೂ ತಲೆಬರಹ ಹೊಂದಿಸುವ ಪ್ರಶ್ನೆಯಲ್ಲಿ ಈ ಉಪಾಯ ಇನ್ನೂ ಬೇಗ ಕೈಕೊಡುತ್ತದೆ. ಅಲ್ಲಿ ಕೇಳುವುದು ಪ್ಯಾರಾದ ಒಟ್ಟು ತಾತ್ಪರ್ಯ. ಮೊದಲ ಸಾಲು ಮತ್ತು ಕೊನೆಯ ಸಾಲು ಓದಿದರೆ ಸಾಕು ಎಂದು ಹೇಳಿಕೊಡುತ್ತಾರೆ. ಮೊದಲ ಸಾಲಿನಲ್ಲಿ ಹಳೆಯ ಅಭಿಪ್ರಾಯವನ್ನು ಹೇಳಿ, ಮೂರನೆಯ ಸಾಲಿನಲ್ಲಿ 'ಆದರೆ' ಎಂದು ತಿರುಗಿ, ಉಳಿದ ಪ್ಯಾರಾವನ್ನೆಲ್ಲ ಅದರ ಖಂಡನೆಗೆ ಮೀಸಲಿಡುವ ಲೇಖಕರು ಎಷ್ಟು ಮಂದಿ ಇದ್ದಾರೆಂಬುದು ಪತ್ರಿಕೆ ಓದುವ ಯಾರಿಗಾದರೂ ಗೊತ್ತು.

"ಹಾಗಾದರೆ ಮಾಕ್ ಟೆಸ್ಟ್ ಹೆಚ್ಚು ಮಾಡಿಸಿ, ಮಾಡುತ್ತಾ ಮಾಡುತ್ತಾ ಬರುತ್ತದೆ" ಎನ್ನುವುದು ಮೂರನೆಯ ಮಾತು. ಕೇಂಬ್ರಿಡ್ಜ್‌ನವರ ಅಭ್ಯಾಸ ಪುಸ್ತಕಗಳಲ್ಲಿ ಒಂದೊಂದರಲ್ಲೂ ನಾಲ್ಕು ಪರೀಕ್ಷೆಗಳಿವೆ. ಆ ಪುಸ್ತಕಗಳನ್ನು ಸಾಲಾಗಿ ಮುಗಿಸಿ, ಅಂಕಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು, 24, 23, 25, 23 ಎಂದು ಒಂದೇ ಜಾಗದಲ್ಲಿ ನಿಂತವರು ನನ್ನಲ್ಲಿಗೆ ಬರುತ್ತಾರೆ. ತಪ್ಪಾದ ಉತ್ತರಗಳನ್ನು ಏನು ಮಾಡಿದಿರಿ ಎಂದು ಕೇಳಿದರೆ, ಸರಿ ಉತ್ತರ ನೋಡಿಕೊಂಡೆವು ಎನ್ನುತ್ತಾರೆ. ಸರಿ ಉತ್ತರ 'ಸಿ' ಎಂದು ತಿಳಿದದ್ದರಿಂದ ಮುಂದಿನ ಪತ್ರಿಕೆಗೆ ಒದಗುವುದೇನೂ ಇಲ್ಲ. ನಾನು 'ಬಿ' ಎಂದು ಏಕೆ ಬರೆದೆ, ಯಾವ ವಾಕ್ಯವನ್ನು ಹೇಗೆ ತಪ್ಪಾಗಿ ಓದಿದೆ ಎಂಬುದು ತಿಳಿಯಬೇಕು. ಒಂದು ಗಂಟೆಯ ಪರೀಕ್ಷೆಗೆ ಕನಿಷ್ಠ ಎರಡು ಗಂಟೆಯ ಪರಿಶೀಲನೆ ಬೇಕು ಎಂಬುದು ನನ್ನ ನಿಯಮ. ಗಡಿಯಾರವಿಲ್ಲದೆ ಕುಳಿತು, ಪ್ರತಿ ಉತ್ತರಕ್ಕೂ ಆಧಾರವಾದ ವಾಕ್ಯದ ಕೆಳಗೆ ಗೆರೆ ಎಳೆದು, ತಪ್ಪಿಗೆ ಕಾರಣವನ್ನು ಅಂಚಿನಲ್ಲಿ ಬರೆಯಬೇಕು. ಪದ ಗೊತ್ತಿರಲಿಲ್ಲವೇ, ವಾಕ್ಯ ಬಿಡಿಸಲಾಗಲಿಲ್ಲವೇ, ಎರಡು ಪದಕ್ಕಿಂತ ಹೆಚ್ಚು ಬರೆಯಬೇಡಿ ಎಂಬ ಸೂಚನೆಯನ್ನೇ ಓದದೆ ಮೂರು ಪದ ಬರೆದಿರೇ? ಒಂದು ವಾರ ಹೀಗೆ ಮಾಡಿದರೆ ತಾನು ಎಲ್ಲಿ ಎಡವುತ್ತಿದ್ದೇನೆ ಎಂಬುದು ವಿದ್ಯಾರ್ಥಿಗೇ ಕಾಣತೊಡಗುತ್ತದೆ.

ಪದಗಳ ವಿಚಾರವನ್ನು ಚಿಕ್ಕದಾಗಿ ಮುಗಿಸುತ್ತೇನೆ. "ಅಕಾಡೆಮಿಕ್ ವರ್ಡ್ ಲಿಸ್ಟ್ ಉರು ಹೊಡೆಸಿ, ಸಾಕು" ಎನ್ನುವವರಿದ್ದಾರೆ. ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಆ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ವಿದ್ವತ್ ಬರಹದ ಸುಮಾರು ಹತ್ತನೇ ಒಂದು ಭಾಗ ಅವುಗಳಿಂದಲೇ ಆಗಿದೆ. ಪಟ್ಟಿ ಉಪಯುಕ್ತವೇ. ಆದರೆ ಯಾರ ನೆರವೂ ಇಲ್ಲದೆ ಇಂಗ್ಲಿಷ್ ಬರಹ ಓದಿಕೊಳ್ಳಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳ ಪರಿಚಯ ಬೇಕೆಂದು ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದರು. ಅಷ್ಟನ್ನು ಉರು ಹೊಡೆದು ಸಂಪಾದಿಸಿದವರನ್ನು ನಾನು ಕಂಡಿಲ್ಲ. ಒಂದು ಪದ ಬೇರೆ ಬೇರೆ ಬರಹಗಳಲ್ಲಿ ಮತ್ತೆ ಮತ್ತೆ ಎದುರಾದಾಗಲೇ ಮನಸ್ಸಿನಲ್ಲಿ ಉಳಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಒಂದು ವಿಜ್ಞಾನ ಬರಹ, ಒಂದು ಸಂಪಾದಕೀಯ ಓದುವುದಕ್ಕೆ ಬದಲಿ ದಾರಿ ಇಲ್ಲ.

ಇನ್ನು ಐದನೆಯ ಆಕ್ಷೇಪ. ನನಗೆ ಅತ್ಯಂತ ನೋವು ಕೊಡುವುದೂ ಇದೇ. "ಕನ್ನಡ ಮೀಡಿಯಂನವರಿಗೆ 7 ಬರುವುದು ಕಷ್ಟ. ತಲೆಯಲ್ಲಿ ಕನ್ನಡ ಇರುವವರೆಗೆ ಇಂಗ್ಲಿಷ್ ಹತ್ತುವುದಿಲ್ಲ. ಆರು ತಿಂಗಳು ಕನ್ನಡ ಓದುವುದನ್ನೇ ಬಿಡಿ." ಹೀಗೆ ಹೇಳಿಸಿಕೊಂಡು ಬಂದ ಹುಡುಗಿ ತರಗತಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ.

ತೊಡಕು ಇಲ್ಲವೆಂದು ನಾನು ಹೇಳುವುದಿಲ್ಲ. ಅದು ಇರುವುದು ವಾಕ್ಯದ ಕಟ್ಟಿನಲ್ಲಿ. "ದ ಪ್ಲಾಂಟ್ಸ್ ಬ್ರಾಟ್ ಟು ಇಂಡಿಯಾ ಬೈ ದ ಪೋರ್ಚುಗೀಸ್ ಚೇಂಜ್ಡ್ ದ ಲೋಕಲ್ ಡಯಟ್" ಎಂಬ ವಾಕ್ಯ ಕೊಟ್ಟು ನೋಡಿ. ಹಲವರು 'ಬ್ರಾಟ್' ಎಂಬಲ್ಲೇ ವಾಕ್ಯದ ಕ್ರಿಯಾಪದ ಸಿಕ್ಕಿತೆಂದು ತಿಳಿಯುತ್ತಾರೆ; 'ಚೇಂಜ್ಡ್' ಬಂದಾಗ ಗಕ್ಕನೆ ನಿಲ್ಲುತ್ತಾರೆ. ಕನ್ನಡದಲ್ಲಿ ಇದು "ಪೋರ್ಚುಗೀಸರು ಭಾರತಕ್ಕೆ ತಂದ ಗಿಡಗಳು ಇಲ್ಲಿನವರ ಊಟವನ್ನೇ ಬದಲಿಸಿದವು" ಎಂದಾಗುತ್ತದೆ. ವಿವರವೆಲ್ಲ ಹೆಸರಿಗಿಂತ ಮೊದಲೇ ಬರುತ್ತದೆ, ಕ್ರಿಯಾಪದ ಕೊನೆಯಲ್ಲಿ ಬಂದು ವಾಕ್ಯವನ್ನು ಮುಚ್ಚುತ್ತದೆ. 'ತಂದ' ಎಂಬುದು ಕೃದಂತ, 'ಬದಲಿಸಿದವು' ಎಂಬುದು ಪೂರ್ಣ ಕ್ರಿಯೆ. ರೂಪದಲ್ಲೇ ವ್ಯತ್ಯಾಸ ಕಾಣುವುದರಿಂದ ಕನ್ನಡ ಓದುವ ಕಣ್ಣು ಮೋಸ ಹೋಗುವ ಪ್ರಶ್ನೆಯೇ ಇಲ್ಲ. ಇಂಗ್ಲಿಷಿನಲ್ಲಿ ಎರಡೂ ನೋಡಲು ಒಂದೇ ಬಗೆ. ಜೊತೆಗೆ ವಿವರ ಹೆಸರಿನ ಹಿಂದೆ ಬಾಲದಂತೆ ಬೆಳೆಯುತ್ತಾ ಹೋಗಿ ಕರ್ತೃವನ್ನು ಕ್ರಿಯೆಯಿಂದ ಎರಡು ಸಾಲು ದೂರ ಮಾಡುತ್ತದೆ.

ಈ ವ್ಯತ್ಯಾಸವನ್ನು ವಿದ್ಯಾರ್ಥಿಗೆ ಕಾಣಿಸಲು ಇರುವ ಒಳ್ಳೆಯ ಸಾಧನ ಕನ್ನಡವೇ. ನಾನು ಉದ್ದದ ಇಂಗ್ಲಿಷ್ ವಾಕ್ಯ ಕೊಟ್ಟು, ಯಾರು ಏನು ಮಾಡಿದರು ಎಂದು ಕನ್ನಡದಲ್ಲಿ ಹೇಳಿಸುತ್ತೇನೆ. ಹೇಳಲು ಬಂದರೆ ವಾಕ್ಯ ಅರ್ಥವಾಗಿದೆ. ಹೇಳಲು ಬಾರದಿದ್ದರೆ ಯಾವ ಪದದಲ್ಲಿ ದಾರಿ ತಪ್ಪಿತೆಂದು ಇಬ್ಬರಿಗೂ ಆ ಕ್ಷಣವೇ ಗೊತ್ತಾಗುತ್ತದೆ. ದಿನಕ್ಕೆ ಹತ್ತು ವಾಕ್ಯ ಹೀಗೆ ಬಿಡಿಸಿದವರು ಕೆಲವು ವಾರಗಳಲ್ಲಿ ಕನ್ನಡದ ನೆರವಿಲ್ಲದೆಯೇ ಕರ್ತೃವನ್ನೂ ಕ್ರಿಯೆಯನ್ನೂ ಹಿಡಿಯುತ್ತಾರೆ. ಕನ್ನಡವನ್ನು ತರಗತಿಯಿಂದ ಹೊರಗಟ್ಟಿದವರಿಗೆ ಈ ತಪ್ಪು ಆಗುತ್ತಿರುವುದೇ ಕಾಣುವುದಿಲ್ಲ.

ಕನ್ನಡ ಓದುವುದನ್ನು ಬಿಡಿ ಎಂಬ ಸಲಹೆಯಂತೂ ನೇರವಾಗಿ ನಷ್ಟ ತರುವಂಥದು. ಈ ಪರೀಕ್ಷೆಗೆ ವಿಷಯಜ್ಞಾನ ಬೇಡ, ಉತ್ತರವೆಲ್ಲ ಪ್ಯಾಸೇಜಿನಲ್ಲೇ ಇದೆ ಎನ್ನುವುದು ನಿಜ. ಆದರೆ ಪ್ಯಾಸೇಜನ್ನು ಹಿಂಬಾಲಿಸುವ ಸುಲಭ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಅಮೆರಿಕದ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು. ಪ್ರಾಣಿಗಳ ವಲಸೆ, ಸಸ್ಯಗಳ ಹರಡುವಿಕೆ, ಹಳೆಯ ನಗರಗಳ ಉತ್ಖನನ, ಮನಶ್ಶಾಸ್ತ್ರದ ಪ್ರಯೋಗಗಳು ಐಇಎಲ್‌ಟಿಎಸ್ ಪತ್ರಿಕೆಗೆ ಬರುವ ಬಗೆಯ ವಿಷಯಗಳು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವಳಿಗೆ ಸಸ್ಯಶಾಸ್ತ್ರದ ಪ್ಯಾಸೇಜ್ ಅಪರಿಚಿತವಲ್ಲ. ಪೂರ್ಣಚಂದ್ರ ತೇಜಸ್ವಿಯವರನ್ನು, ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳನ್ನು ಓದುತ್ತಾ ಬೆಳೆದವನಿಗೆ ಪರಿಸರದ ವಾದ ಹೇಗೆ ಸಾಗುತ್ತದೆಂಬುದು ಆಗಲೇ ಗೊತ್ತು. ಲೇಖಕ ಎಲ್ಲಿ ಅನುಮಾನಿಸುತ್ತಿದ್ದಾನೆ, ಎಲ್ಲಿ ಬೇರೆಯವರ ಮಾತನ್ನು ಹೇಳುತ್ತಿದ್ದಾನೆ, ಎಲ್ಲಿ ತನ್ನದನ್ನು ಹೇಳುತ್ತಿದ್ದಾನೆ ಎಂದು ಗುರುತಿಸುವ ಅಭ್ಯಾಸವೂ ಯಾವ ಭಾಷೆಯಲ್ಲಿ ಬಂದರೂ ಇನ್ನೊಂದರಲ್ಲಿ ಒದಗುತ್ತದೆ. ನನ್ನಲ್ಲಿ ಬೇಗ ಮುಂದೆ ಬಂದವರಲ್ಲಿ ಹೆಚ್ಚಿನವರು ಕನ್ನಡದಲ್ಲಿ ಓದುವ ಹವ್ಯಾಸ ಇದ್ದವರು.

ಕೊನೆಯದು ಪರೀಕ್ಷೆಯನ್ನೇ ಪ್ರಶ್ನಿಸುವವರ ಮಾತು: "ರೋಗಿಯನ್ನು ನೋಡಿಕೊಳ್ಳುವವಳಿಗೆ ಹಕ್ಕಿಗಳ ವಲಸೆಯ ಪ್ಯಾಸೇಜ್ ಏಕೆ?" ಇದರಲ್ಲಿ ನ್ಯಾಯವಿದೆ. ಅದಕ್ಕಾಗಿಯೇ ಆರೋಗ್ಯ ವೃತ್ತಿಯವರಿಗೆಂದು ರೂಪಿಸಿದ ಒಇಟಿ ಪರೀಕ್ಷೆಯನ್ನೂ ಬ್ರಿಟನ್ ಒಪ್ಪುತ್ತದೆ. ಆದರೆ ಅಲ್ಲಿ ಓದು ಹಗುರ ಎಂದು ತಿಳಿಯಬಾರದು. ಅದರ ಮೊದಲ ಭಾಗದಲ್ಲಿ 15 ನಿಮಿಷಕ್ಕೆ ನಾಲ್ಕು ತುಣುಕುಗಳಿಂದ 20 ಪ್ರಶ್ನೆಗೆ ಉತ್ತರ ಬರೆಯಬೇಕು; ಕೊನೆಯ ಭಾಗದ ಎರಡು ಉದ್ದನೆಯ ಬರಹಗಳು ಲೇಖಕರ ಅಭಿಪ್ರಾಯ, ಧೋರಣೆಗಳನ್ನು ಸೂಕ್ಷ್ಮವಾಗಿ ಕೇಳುತ್ತವೆ. ಯಾವ ಪರೀಕ್ಷೆ ಆರಿಸಿಕೊಂಡರೂ ಓದಲು ಬರಬೇಕು. ವಾರ್ಡಿನಲ್ಲಿ ಔಷಧದ ಸೂಚನೆಯಲ್ಲಿರುವ "ಹೊರತು", "ಮಾತ್ರ", "ಮೀರದಂತೆ" ಎಂಬ ಷರತ್ತುಗಳನ್ನು ಕೀವರ್ಡ್ ಹುಡುಕಿ ಓದುವ ನರ್ಸ್ ನನ್ನ ತಾಯಿಯ ಹಾಸಿಗೆಯ ಪಕ್ಕದಲ್ಲಿ ಇರುವುದು ನನಗೆ ಬೇಡ, ನಿಮಗೂ ಬೇಡ.

ಕೋಚಿಂಗ್ ಕೊಡುವ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ವಾರ ಹೊಸ ಪತ್ರಿಕೆ ಹಂಚಬೇಡಿ. ಹೋದ ವಾರದ್ದನ್ನೇ ತೆಗೆಸಿ, ತಪ್ಪಾದ ಪ್ರತಿ ಉತ್ತರದ ಆಧಾರ ವಾಕ್ಯವನ್ನು ಮಕ್ಕಳಿಂದಲೇ ಹುಡುಕಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಶುಲ್ಕ ಕಟ್ಟುವ ತಾರೀಖನ್ನು ಆಮೇಲೆ ನಿರ್ಧರಿಸಿ.